ಮೊದಲು ಓದುಗರು, ಆಮೇಲೆ ಪುಸ್ತಕ

ಅಥಣಿ,
ಶ್ರಾವಣ ಸೋಮವಾರ

ಪ್ರೀತಿಯ ಮಗಳೆ,

ನಿನ್ನ ಕತೆ, ಕವಿತೆಗಳ ಕಟ್ಟು ಮುಟ್ಟಿತು. ಅದರ ಜೋಡಿ ಇಟ್ಟಿದ್ದ ಪ್ರಕಾಶಕರ ಪತ್ರದ ಪ್ರತಿಯನ್ನೂ ಓದಿದೆ. ‘ತಮ್ಮ ಕೃತಿ ಪ್ರಕಟಣೆಗೆ ಆಯ್ಕೆಯಾಗಿದೆ’ ಅಂತ ಶುರುವಾಗುವ ಪತ್ರ ಕೆಳಗಿಳಿಯುವಷ್ಟರಲ್ಲಿ ನಲವತ್ತೈದು ಸಾವಿರ ರೂಪಾಯಿ ಕೇಳುತ್ತದೆ. ಕೊಟ್ಟರೆ ಐನೂರು ಪ್ರತಿ ಅಚ್ಚು ಹಾಕುತ್ತಾರಂತೆ, ನೂರು ಪ್ರತಿ ನಿನಗೆ, ಉಳಿದದ್ದು ಮಾರಾಟಕ್ಕೆ. ಎಲ್ಲಿ ಮಾರುತ್ತಾರೆ, ಲೆಕ್ಕ ಯಾರು ಕೊಡುತ್ತಾರೆ, ಒಂದು ಮಾತಿಲ್ಲ. ನಿನ್ನ ಒಂದೇ ಒಂದು ಕತೆಯ ಹೆಸರೂ ಆ ಪತ್ರದಲ್ಲಿಲ್ಲ. ಓದದೆ ಆರಿಸಿದ್ದಾರೆ, ನನಗೆ ಖಾತ್ರಿ. ‘ಕೊಡ್ಲ್ಯೋ ಬ್ಯಾಡೋ ಕಾಕಾ, ನೀವು ಹೇಳಿದಂಗ ಮಾಡ್ತೀನಿ’ ಅಂದಿದ್ದಿ. ಕೊಡಬೇಡ. ಬೇಡ ಅಂದವನು ಮತ್ತೇನು ಮಾಡಬೇಕು ಅನ್ನುವುದನ್ನೂ ಹೇಳಬೇಕಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ಕತೆಗಳ ಮಾತು. ನಿಪ್ಪಾಣಿಯ ತಂಬಾಕು ವಖಾರದ ಕತೆ ಈ ಕಟ್ಟಿನಲ್ಲಿ ಎಲ್ಲಕ್ಕಿಂತ ಮೇಲು. ದಿನವಿಡೀ ತಂಬಾಕು ಜರಡಿ ಹಿಡಿದ ಹೆಂಗಸು ಮನೆಗೆ ಬಂದು, ಕೂಸನ್ನು ಎತ್ತಿಕೊಳ್ಳುವ ಮೊದಲು ಬಾಗಿಲ ಹಿಂದೆ ನಿಂತು ಸೀರೆ ಬದಲಿಸುತ್ತಾಳೆ, ಮೊಳಕೈ ತನಕ ತೊಳೆದುಕೊಳ್ಳುತ್ತಾಳೆ, ತಲೆಗೆ ಬೇರೆ ವಸ್ತ್ರ ಸುತ್ತುತ್ತಾಳೆ. ಇಷ್ಟೆಲ್ಲ ಆದ ಮೇಲೂ ಕೂಸು ಅವಳ ಕೊರಳಿಗೆ ಮುಖ ಒತ್ತಿ ಸೀನುತ್ತದೆ. ಕತೆ ಅಲ್ಲಿಗೆ ಮುಗಿಯಿತು ಮಗಳೆ. ಆದರೆ ನೀನು ಅದರ ಮುಂದೆ ಒಬ್ಬ ಮಾಸ್ತರರನ್ನು ಕರೆತಂದು ಬೀಡಿ ಉದ್ಯಮದ ಶೋಷಣೆಯ ಮೇಲೆ ಒಂದೂವರೆ ಪುಟ ಭಾಷಣ ಮಾಡಿಸಿದ್ದಿ. ನಾನೂ ಮಾಸ್ತರನೇ, ಆದರೂ ಹೇಳುತ್ತೇನೆ, ಅವರನ್ನು ಕತೆಯಿಂದ ನಿವೃತ್ತಿ ಮಾಡಿಬಿಡು. ನಿಪ್ಪಾಣಿ ಬಲ್ಲವರಿಗೆ ಆ ಭಾಷಣ ಬೇಕಿಲ್ಲ. ಅರಿಯದವರಿಗೆ ಆ ಸೀನು ಸಾಕು.

ಇನ್ನೊಂದು ತಕರಾರು. ಮೊದಲ ಸಲ ಓದಿ ತೋರಿಸಿದಾಗ ಆ ಹೆಂಗಸು ಮಾಲಕನಿಗೆ ‘ಪಗಾರ ಶನಿವಾರ ಅಂದ್ರಿ. ಶನಿವಾರ ಹೋತು, ಐತವಾರ ಹೋತು. ಮನ್ಯಾಗ ಹಿಟ್ಟಿಲ್ರೀ’ ಅನ್ನುತ್ತಿದ್ದಳು. ಈಗಿನ ಪ್ರತಿಯಲ್ಲಿ ಅದು ‘ನಮ್ಮ ಕೂಲಿಯನ್ನು ಶನಿವಾರವೇ ಕೊಡುವುದಾಗಿ ಹೇಳಿದ್ದಿರಲ್ಲ, ಸಾಹೇಬರೇ’ ಆಗಿದೆ. ಯಾರಿಗೆ ಹೆದರಿ ಹೀಗೆ ಮಾಡಿದಿ? ಹಿಟ್ಟಿನ ಮಾತೇ ಹೋಗಿಬಿಟ್ಟಿತಲ್ಲ! ಹುಕ್ಕೇರಿ ತಾಲೂಕಿನ ಘೋಡಗೇರಿಯ ಕಂಬಾರರು ಈ ಕಡೆಯ ಮಾತಿನಲ್ಲೇ ಬರೆಯುತ್ತ ಜ್ಞಾನಪೀಠದ ತನಕ ಹೋದರು. ಹಳೆಯ ಪ್ರತಿ ಇದ್ದರೆ ಅದನ್ನೇ ಇಟ್ಟುಕೋ.

ಪುಣೆಯ ಆಫೀಸಿನ ಎರಡು ಕತೆ ತೆಗೆದುಬಿಡು. ಅವುಗಳಲ್ಲಿ ಮಂದಿ ಕಾಫಿ ಮಶೀನಿನ ಮುಂದೆ ನಿಂತು ಒಂಟಿತನದ ಮಾತಾಡುತ್ತಾರೆ. ಯಾರ ಪಗಾರ ಎಷ್ಟು, ಯಾರ ಮನೆಯಲ್ಲಿ ಯಾರು ಜಡ್ಡಿನಿಂದ ಮಲಗಿದ್ದಾರೆ, ಯಾರು ಯಾರಿಗೆ ರೊಕ್ಕ ಕೊಡಬೇಕು, ಒಂದೂ ಗೊತ್ತಾಗುವುದಿಲ್ಲ. ವಖಾರದ ಕತೆ ಬರೆದ ಕೈ ಅಲ್ಲಿ ಕಾಣಲಿಲ್ಲ.

ಕವಿತೆಗಳಲ್ಲಿ ಮಹಾಪೂರದ್ದು ನನ್ನನ್ನು ಹಿಡಿದು ನಿಲ್ಲಿಸಿತು. 2019ರ ಆಗಸ್ಟಿನಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆ ಒಟ್ಟಿಗೇ ಏರಿ ದಂಡೆಯ ಊರುಗಳಿಗೆಲ್ಲ ನುಗ್ಗಿದ್ದನ್ನು ಪೇಪರಿನವರು ದಿನಾಲು ಬರೆದರು. ನೀನು ಬರೆದದ್ದು ಇಷ್ಟೇ:

ನೀರು ಇಳಿದ ಮೇಲೆ
ಗೋಡೆಗೆ ಉಳಿದ ಗೀರಿನಷ್ಟು ಎತ್ತರ
ಈಗ ನನ್ನ ತಮ್ಮ.

ಈ ಮೂರು ಸಾಲಿಗೆ ಒಂದಿಡೀ ಪುಟ ಬಿಟ್ಟುಕೊಡುವ ಪ್ರಕಾಶಕರು ನಿನಗೆ ಸಿಗಬೇಕು. ಕಾಗದ ಉಳಿಸಲಿಕ್ಕೆ ಒಂದು ಪುಟಕ್ಕೆ ಎರಡು ಕವಿತೆ ತುರುಕುವವರು ಬೇಡ.

ನಿನ್ನ ಪತ್ರದಲ್ಲಿ ಒಂದು ಮಾತು ನನಗೆ ಸೇರಲಿಲ್ಲ. ‘ನಮ್ಮ ಕಡೆ ಯಾರು ಓದತಾರ ಕಾಕಾ? ಸಾಹಿತ್ಯ ಅಂದ್ರ ಬೆಂಗಳೂರು, ಇಲ್ಲಾ ಧಾರವಾಡ’ ಅಂತ ಬರೆದಿದ್ದಿ. ಮಿರಜದಿಂದ ರೈಲಿನಲ್ಲಿ ಊರಿಗೆ ಬರುವಾಗ ವಿಜಯನಗರ ಸ್ಟೇಶನ್ ದಾಟಿದ ಕೂಡಲೆ ಶೇಡಬಾಳ ಬರುತ್ತದಲ್ಲ, ಈಗ ಕಾಗವಾಡ ತಾಲೂಕಿಗೆ ಸೇರಿದ್ದು, ಮಿರ್ಜಿ ಅಣ್ಣಾರಾಯರು 1918ರಲ್ಲಿ ಹುಟ್ಟಿದ ಊರು ಅದು. ಮಾಸ್ತರಿಕೆ ಮಾಡಿಕೊಂಡೇ ಕಾದಂಬರಿ ಬರೆದರು. ‘ನಿಸರ್ಗ’ ಬಂದದ್ದು 1945ರಲ್ಲಿ. ಈ ಸೀಮೆಯ ಜೈನ ರೈತರ ಬಾಳುವೆ ಅದರಲ್ಲಿ ಈ ಸೀಮೆಯ ಮಾತಿನೊಡನೆ ಬಂತು. ಆಮೇಲೆ ‘ರಾಮಣ್ಣ ಮಾಸ್ತರು’ ಬರೆದರು. ಚಿಕ್ಕೋಡಿ ತಾಲೂಕಿನ ಸದಲಗಾದಲ್ಲಿ 1906ರಲ್ಲಿ ಹುಟ್ಟಿದ ಆ.ನೇ. ಉಪಾಧ್ಯೆಯವರು ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಕಲಿಸುತ್ತ ಪ್ರಾಕೃತ ಗ್ರಂಥಗಳನ್ನು ಸಂಪಾದಿಸಿದರು, 1967ರಲ್ಲಿ ಶ್ರವಣಬೆಳಗೊಳದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಇವರೆಲ್ಲ ಬೆಂಗಳೂರಿನ ಗಾಡಿ ಹತ್ತಿ ಲೇಖಕರಾದವರಲ್ಲ.

ನಿಪ್ಪಾಣಿಯಲ್ಲಿ ಮಹಾದೇವ ಮೋರೆ ಅಂತ ಮರಾಠಿ ಕತೆಗಾರರಿದ್ದರು. ಹಿಟ್ಟಿನ ಗಿರಣಿ ನಡೆಸುತ್ತಿದ್ದರು. ಗಿರಣಿಗೆ ಜೋಳ ತಂದವರು, ಟ್ಯಾಕ್ಸಿ ಹೊಡೆಯುವವರು, ಗ್ಯಾರೇಜಿನ ಹುಡುಗರು, ತಂಬಾಕಿನ ಹೆಂಗಸರು ಇವರೇ ಅವರ ಕತೆಗಳ ಮಂದಿ. 2024ರಲ್ಲಿ ತೀರಿಕೊಂಡರು. ಅಲ್ಲಿಂದ ಕೊಲ್ಲಾಪುರದ ದಾರಿ ಹಿಡಿದರೆ ಕಾಗಲ, ‘ಝೋಂಬಿ’ ಬರೆದ ಆನಂದ ಯಾದವರ ಊರು. ಸಾಹಿತ್ಯ ಅಕಾಡೆಮಿ ಬಹುಮಾನ ಬಂದ ಪುಸ್ತಕ ಅದು. ಅದೇ ನಿಪ್ಪಾಣಿಯಲ್ಲಿ 1981ರಲ್ಲಿ ತಂಬಾಕು ಬೆಳೆಗಾರರು ಶರದ ಜೋಶಿಯವರ ಮುಂದಾಳುತನದಲ್ಲಿ ಹೆದ್ದಾರಿಗೆ ಬಂದು ಕೂತರು, ಏಪ್ರಿಲಿನಲ್ಲಿ ಗೋಲಿಬಾರು ಆಗಿ ರೈತರು ಸತ್ತರು. ಮರುವರ್ಷ ಬೆಂಗಳೂರಿನ ‘ಯುಗಾಂತರ’ ಅನ್ನುವ ಸ್ತ್ರೀವಾದಿ ಚಿತ್ರತಂಡ ವಖಾರಗಳ ಕೆಲಸಗಾರ್ತಿಯರು ಸಂಘ ಕಟ್ಟಿದ್ದನ್ನು ಅವರ ಜೊತೆಗೇ ಕೂತು ಚಿತ್ರ ಮಾಡಿತು. ಮರಾಠಿ ಕತೆಯಲ್ಲಿ ಇದ್ದಾರೆ, ಸಿನೆಮಾದಲ್ಲಿ ಇದ್ದಾರೆ, ಕನ್ನಡದ ಕತೆಯೊಳಗೆ ನಾನು ಆ ಹೆಂಗಸರನ್ನು ಕಂಡದ್ದು ಭಾಳ ಕಡಿಮೆ. ನಿನ್ನ ಕತೆಗೆ ಇರುವ ಜಾಗ ಅದು.

ಬರೆಯುವವರಿಗೆ ಇಲ್ಲಿ ಎಂದೂ ಬರ ಇರಲಿಲ್ಲ. ಇಲ್ಲದ್ದು ಪುಸ್ತಕದ ಅಂಗಡಿ. ನಮ್ಮ ಸುತ್ತಿನ ತಾಲೂಕುಗಳೊಳಗೆ ಹೊಸ ಕತೆ, ಕವಿತೆ ಇಟ್ಟು ಮಾರುವ ಒಂದು ಅಂಗಡಿ ನನ್ನ ಕಣ್ಣಿಗೆ ಬಿದ್ದಿಲ್ಲ. ಗೈಡು, ನೋಟಬುಕ್ಕು, ಪಿಡಿಒ ಪರೀಕ್ಷೆಯ ಪುಸ್ತಕ, ಪಂಚಾಂಗ, ಅಷ್ಟೇ. ಅಂಗಡಿ ಇಲ್ಲದ ಊರಿಗೆ ಪುಸ್ತಕ ಹೇಗೆ ಮುಟ್ಟಬೇಕು? ಈ ಪ್ರಶ್ನೆಗೆ ಧಾರವಾಡದಲ್ಲಿ ಜಿ.ಬಿ. ಜೋಶಿಯವರು 1933ರಲ್ಲೇ ಉತ್ತರ ಕಂಡುಕೊಂಡಿದ್ದರು. ಮನೋಹರ ಗ್ರಂಥಮಾಲೆ ಅಂದರೆ ಈಗ ದೊಡ್ಡ ಹೆಸರು. ಶುರುವಾದಾಗ ಅದು ಬರೇ ಒಂದು ಚಂದಾ ಪುಸ್ತಕ. ವರ್ಷಕ್ಕೆ ಇಷ್ಟು ಅಂತ ಓದುಗರು ಮೊದಲೇ ರೊಕ್ಕ ಕೊಡಬೇಕು, ಪುಸ್ತಕ ಅಚ್ಚಾದ ಹಾಗೆ ಮನೆಗೆ ಬರಬೇಕು. ಜೋಶಿಯವರು ಊರೂರು ತಿರುಗಿ ಚಂದಾದಾರರನ್ನು ಮಾಡಿದರು. ಮೊದಲ ಪುಸ್ತಕ ನಮ್ಮ ಜಿಲ್ಲೆಯವರದೇ, ಗೋಕಾಕ ತಾಲೂಕು ಬೆಟಗೇರಿಯ ಕೃಷ್ಣಶರ್ಮರ ‘ಸುದರ್ಶನ’.

ಆ ಚಂದಾದಾರರು ತಮಗೆ ಬೇಕಾದ ಪುಸ್ತಕ ಆರಿಸಿಕೊಳ್ಳುತ್ತಿರಲಿಲ್ಲ. ಗ್ರಂಥಮಾಲೆ ಕಳಿಸಿದ್ದನ್ನು ಓದುತ್ತಿದ್ದರು. ಹೊಸಬರ ಪುಸ್ತಕಕ್ಕೆ ಓದುಗರು ಸಿಕ್ಕದ್ದು ಹಾಗೆ. ಮುಂದೆ ಕಾರ್ನಾಡರ ‘ಯಯಾತಿ’ ಬಂದಾಗ ಅವರು ಇಪ್ಪತ್ತು ದಾಟಿದ ಹುಡುಗ. ಎ.ಕೆ. ರಾಮಾನುಜನ್ನರ ‘ಹೊಕ್ಕುಳಲ್ಲಿ ಹೂವಿಲ್ಲ’ ಅನ್ನುವ ತೆಳ್ಳನೆಯ ಕವನಸಂಕಲನವೂ 1969ರಲ್ಲಿ ಅಲ್ಲಿಂದಲೇ ಬಂತು. ಇವು ಬಂದದ್ದು ಸುಭಾಸ ರೋಡಿನ ಒಂದು ಅಟ್ಟದಿಂದ. ಅಲ್ಲಿ ಕೀರ್ತಿನಾಥ ಕುರ್ತಕೋಟಿಯವರಂಥ ಓದುಗರು ಕೂತು, ಅಚ್ಚಿಗೆ ಹೋಗುವ ಮೊದಲೇ ಬರಹವನ್ನು ಜಗ್ಗಾಡುತ್ತಿದ್ದರು. ಓದುವ ಸಂಪಾದಕ ಒಬ್ಬ, ಮೊದಲೇ ರೊಕ್ಕ ಕೊಟ್ಟ ಓದುಗರು ಒಂದಿಷ್ಟು ಮಂದಿ, ಇವೆರಡಿದ್ದರೆ ಪ್ರಕಾಶನ. ಮಿಕ್ಕದ್ದು ಕಾಗದ, ಮಸಿ.

ಈಗಿನ ಮಾತಿಗೆ ಬಾ. ಸಣ್ಣ ಪ್ರಕಾಶನಗಳು ಇವತ್ತು ಕನ್ನಡದಲ್ಲಿ ಕಡಿಮೆ ಇಲ್ಲ, ಎಲ್ಲವೂ ಬೆಂಗಳೂರಿನಲ್ಲೂ ಇಲ್ಲ. ಗಜೇಂದ್ರಗಡ ತಾಲೂಕಿನ ರಾಜೂರದ ಟಿ.ಎಸ್. ಗೊರವರ ಅವರು ‘ಸಂಗಾತ’ ಅಂತ ಪತ್ರಿಕೆ ಮಾಡಿ, ಅದರ ಬೆನ್ನಿಗೆ ಪುಸ್ತಕ ತರುತ್ತ ಬಂದರು. ಗದಗಿನಲ್ಲಿ ಬಸವರಾಜ ಸೂಳಿಭಾವಿಯವರ ಲಡಾಯಿ, ಬಳ್ಳಾರಿ ಸೀಮೆಯ ಹಳ್ಳಿಯೊಂದರಲ್ಲಿ ಪಲ್ಲವ, ಶಿವಮೊಗ್ಗದಲ್ಲಿ ಅಹರ್ನಿಶಿ. ಬೆಂಗಳೂರಿನಲ್ಲಿ ವಸುಧೇಂದ್ರರ ಛಂದ ಪುಸ್ತಕ, ಇನ್ನೂ ಸಂಕಲನ ಬಾರದ ಕತೆಗಾರರಿಂದ ಹಸ್ತಪ್ರತಿ ತರಿಸಿ, ಓದಿಸಿ, ಆರಿಸಿದ್ದನ್ನು ಬಹುಮಾನ ಕೊಟ್ಟು ತಾನೇ ಅಚ್ಚು ಹಾಕುತ್ತದೆ. ಶಾಂತಿ ಕೆ. ಅಪ್ಪಣ್ಣರ ‘ಮನಸು ಅಭಿಸಾರಿಕೆ’, ಪದ್ಮನಾಭ ಭಟ್ ಶೇವ್ಕಾರರ ‘ಕೇಪಿನ ಡಬ್ಬಿ’ ಆ ಬಾಗಿಲಿನಿಂದ ಬಂದವು. ಎರಡಕ್ಕೂ ಕೇಂದ್ರ ಸಾಹಿತ್ಯ ಅಕಾಡೆಮಿಯ ಯುವ ಪುರಸ್ಕಾರ ಸಿಕ್ಕಿತು. ರೊಕ್ಕ ಯಾರ ಕೈಯಿಂದ ಯಾರ ಕೈಗೆ ಹೋಯಿತು ಅಂತ ಗಮನಿಸು. ಓದಿ ಮೆಚ್ಚಿದವರು ಲೇಖಕರ ಹತ್ತಿರ ವಸೂಲಿಗೆ ಬರುವುದಿಲ್ಲ.

ಹಾಗಾದರೆ ನಲವತ್ತೈದು ಸಾವಿರ ಕೇಳುವವರು ಯಾಕೆ ಕೇಳುತ್ತಾರೆ? ಅವರ ಲೆಕ್ಕದಲ್ಲಿ ಓದುಗ ಅನ್ನುವವನೇ ಇಲ್ಲ. ರಾಜ್ಯದ ಗ್ರಂಥಾಲಯ ಇಲಾಖೆ ಆಯ್ಕೆಯಾದ ಪುಸ್ತಕದ ಮುನ್ನೂರು ಪ್ರತಿಗಳ ತನಕ ಕೊಳ್ಳುತ್ತದೆ. ಕನ್ನಡದ ಎಷ್ಟೋ ಪುಸ್ತಕ ಅಚ್ಚಾಗುವುದು ಆ ಮುನ್ನೂರನ್ನು ನಂಬಿ. ಆದರೆ ಗ್ರಂಥಾಲಯದ ಬಿಲ್ಲು ನಮ್ಮ ಕಬ್ಬಿನ ಬಿಲ್ಲಿದ್ದ ಹಾಗೆ, ಬರುವುದು ಖರೆ, ಯಾವಾಗ ಅಂತ ಕೇಳಬಾರದು. ಅದು ಬರುವ ತನಕ ಅಚ್ಚಿನ ಖರ್ಚು ಲೇಖಕನ ತಲೆಗೆ ಕಟ್ಟಿದರೆ ಪ್ರಕಾಶಕರಿಗೆ ನಷ್ಟದ ಭಯವಿಲ್ಲ. ನಷ್ಟದ ಭಯ ಇಲ್ಲದವರು ಓದಿ ಆರಿಸುವ ಕಷ್ಟ ಯಾಕೆ ಪಡುತ್ತಾರೆ?

ನೀನೂ ಜೋಶಿಯವರ ಹಾಗೆ ಮೊದಲು ಚಂದಾದಾರರನ್ನು ಕೂಡಿಸು. ಅದಕ್ಕೆ ಅಚ್ಚಿನ ಲೆಕ್ಕ ಕಲಿತುಕೋ, ಕಷ್ಟದ್ದೇನಲ್ಲ. ಮನೆಯಲ್ಲಿರುವ ಯಾವುದಾದರೂ ಪುಸ್ತಕದ ಹೆಸರಿನ ಪುಟ ತಿರುವಿ ಹಾಕಿ ನೋಡು. ಡೆಮಿ 1/8 ಆಕಾರ, 70 ಜಿಎಸ್‌ಎಂ ಕಾಗದ, ಪುಟ ಇಷ್ಟು, ಪ್ರತಿ ಇಷ್ಟು, ಬೆಲೆ ಇಷ್ಟು ಅಂತ ಸಣ್ಣಕ್ಷರದಲ್ಲಿ ಇರುತ್ತದೆ. ಹದಿನಾರು ಪುಟಕ್ಕೆ ಒಂದು ಫಾರ್ಮು. ಪುಣೆಯ ಕತೆ ತೆಗೆದ ಮೇಲೆ ಉಳಿಯುವ ಐದು ಕತೆ ಆರು ಫಾರ್ಮಿನಲ್ಲಿ, ಅಂದರೆ 96 ಪುಟದಲ್ಲಿ ಕೂತಾವು. ಕತೆಯ ಹಿಂದೆ ಕವಿತೆ ಸೇರಿಸಿ ಪುಸ್ತಕ ದಪ್ಪ ಮಾಡುವ ವಿಚಾರ ಬಿಡು. ಕವಿತೆ ಜಾಗ ತುಂಬುವ ಸಾಮಾನಲ್ಲ. ಚಲೋ ಇರುವ ಎಂಟೊಂಬತ್ತನ್ನು ಆರಿಸಿ ಎರಡು ಫಾರ್ಮಿನ ಬೇರೆಯೇ ಹೊತ್ತಿಗೆ ಮಾಡು, ಕತೆಯ ಪುಸ್ತಕದ ಜೋಡಿ ಚಂದಾದಾರರಿಗೆ ಹೋಗಲಿ. ಅಂಗಡಿಯಲ್ಲಿ ಕವನಸಂಕಲನ ಕೇಳಿ ಕೊಳ್ಳದವನೂ ಮನೆಗೆ ಬಂದದ್ದನ್ನು ಊಟ ಆದ ಮೇಲೆ ಒಮ್ಮೆ ತೆಗೆದು ನೋಡುತ್ತಾನೆ.

ಇನ್ನೂರು ಮಂದಿ ನೂರೈವತ್ತು ರೂಪಾಯಿಯಂತೆ ಮೊದಲೇ ಕೊಟ್ಟರೆ ಮೂವತ್ತು ಸಾವಿರ. ಮುನ್ನೂರು ಪ್ರತಿಯ ಖರ್ಚಿನ ಹತ್ತಿರ ಅದು ಬಂದು ನಿಲ್ಲುತ್ತದೆ. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುವ ಯೋಜನೆ ಇಟ್ಟಿದೆ, ಅದಕ್ಕೂ ಹಸ್ತಪ್ರತಿ ಕಳಿಸು. ಬಂದರೆ ಬಂತು. ಐಎಸ್‌ಬಿಎನ್ ಸಂಖ್ಯೆಗೆ ಸರಕಾರ ಒಂದು ಪೈಸೆ ತಗೊಳ್ಳುವುದಿಲ್ಲ, ಅದರ ಹೆಸರಲ್ಲಿ ಯಾರಾದರೂ ರೊಕ್ಕ ಕೇಳಿದರೆ ಅಲ್ಲೇ ಎದ್ದು ಬಾ. ಅಂಚೆಯ ಚಿಂತೆ ಒಂದಿತ್ತು. 2024ರ ಡಿಸೆಂಬರಿನಲ್ಲಿ ಇಲಾಖೆ ರಿಜಿಸ್ಟರ್ಡ್ ಬುಕ್ ಪೋಸ್ಟ್ ನಿಲ್ಲಿಸಿದಾಗ ಸಣ್ಣ ಪ್ರಕಾಶಕರು ತಲೆ ಮೇಲೆ ಕೈ ಹೊತ್ತು ಕೂತಿದ್ದರು. 2025ರ ಮೇ ತಿಂಗಳಿಂದ ‘ಜ್ಞಾನ ಪೋಸ್ಟ್’ ಬಂದಿದೆ, 300 ಗ್ರಾಂ ತನಕ ಇಪ್ಪತ್ತು ರೂಪಾಯಿ. ನಿನ್ನ ಎರಡೂ ಪುಸ್ತಕ ಕೂಡಿ ಅಷ್ಟು ತೂಕ ಆಗುವುದಿಲ್ಲ.

ಚಂದಾ ಕೂಡಿಸಿ ಪುಸ್ತಕ ಮಾಡುವುದು ಹಳೆಯ ಕಾಲದ ಮಾತು ಅಂದುಕೊಳ್ಳಬೇಡ. 2025ರ ಮೇ 20ಕ್ಕೆ ಲಂಡನ್ನಿನಲ್ಲಿ ಬಾನು ಮುಷ್ತಾಕರ ‘ಹಾರ್ಟ್ ಲ್ಯಾಂಪ್’ಗೆ ಇಂಟರ್‌ನ್ಯಾಷನಲ್ ಬೂಕರ್ ಬಂತಲ್ಲ, ದೀಪಾ ಭಾಸ್ತಿ ಅನುವಾದಿಸಿದ ಹನ್ನೆರಡು ಸಣ್ಣಕತೆಗಳು. ಕತೆಗಳ ಸಂಕಲನಕ್ಕೆ ಆ ಬಹುಮಾನ ಬಂದದ್ದು ಅದೇ ಮೊದಲು. ಹಾಸನದ ಲೇಖಕಿ, ಮಡಿಕೇರಿಯ ಅನುವಾದಕಿ ಅಂತ ಎಲ್ಲ ಪೇಪರಿನಲ್ಲೂ ಬಂತು. ಇಂಗ್ಲೆಂಡಿನಲ್ಲಿ ಅದನ್ನು ಅಚ್ಚು ಹಾಕಿದವರು ಯಾರು ಅಂತ ಎಷ್ಟು ಮಂದಿ ನೋಡಿದರು? ‘ಆ್ಯಂಡ್ ಅದರ್ ಸ್ಟೋರೀಸ್’, ಶೆಫೀಲ್ಡ್ ಊರಿನ ಒಂದು ಸಣ್ಣ ಪ್ರಕಾಶನ. ಅವರ ಬಂಡವಾಳದ ಒಂದು ಭಾಗ ಚಂದಾದಾರರದು. ಓದುಗರು ಮುಂಗಡ ಕೊಡುತ್ತಾರೆ, ಪುಸ್ತಕ ಮನೆಗೆ ಬರುತ್ತದೆ, ಕೊಟ್ಟವರ ಹೆಸರನ್ನು ಪುಸ್ತಕದ ಕೊನೆಗೆ ಅಚ್ಚು ಹಾಕಿ ನೆನೆಯುತ್ತಾರೆ. ಜೋಶಿಯವರು ಧಾರವಾಡದಿಂದ ಮಾಡಿದ್ದೂ ಇದೇ ಕೆಲಸ. ಕನ್ನಡದ ಕತೆಗಳನ್ನು ಬೂಕರಿನ ತನಕ ಒಯ್ದ ದಾರಿ ನಮಗೆ ತೊಂಬತ್ತು ವರ್ಷದ ಹಿಂದಿನಿಂದ ಗೊತ್ತಿರುವ ದಾರಿ.

ಇನ್ನೂರು ಮಂದಿ ಎಲ್ಲಿಂದ ತರೋಣ ಅಂತೀಯಾ? ಚಿಕ್ಕೋಡಿಯ ಕಾಲೇಜುಗಳಲ್ಲಿ ಕನ್ನಡ ಕಲಿಸುವವರು, ರಾಯಬಾಗದಲ್ಲಿ ಪತ್ರಿಕೆಗೆ ಬರೆಯುವ ನನ್ನ ಹಳೆಯ ವಿದ್ಯಾರ್ಥಿಗಳು, ಉಗಾರ ಸಕ್ಕರೆ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮಾಡುತ್ತ ಓದುವವರು, ರಜೆಗೆ ಬಂದಾಗ ಪುಸ್ತಕ ಒಯ್ಯುವ ಮಿಲಿಟರಿಯ ಹುಡುಗರು, ಕುಡಚಿಯಿಂದ ದಿನಾ ಮಿರಜದ ದವಾಖಾನೆಗೆ ಹೋಗಿಬರುವ ನರ್ಸ್ ಹೆಣ್ಣುಮಕ್ಕಳು, ರೈಲಿನಲ್ಲಿ ಅವರಿಗೆ ಓದಲಿಕ್ಕೆ ಹೊತ್ತು ಬೇಕಾದಷ್ಟು. ನಿಪ್ಪಾಣಿ, ಕಾಗವಾಡದ ಎಷ್ಟೋ ಮನೆಗಳಲ್ಲಿ ದೀಪಾವಳಿ ಅಂದರೆ ಮರಾಠಿಯ ದಿವಾಳಿ ಅಂಕ (ಹಬ್ಬದ ವಿಶೇಷ ಸಂಚಿಕೆ) ಬರಲೇಬೇಕು. 1909ರಲ್ಲಿ ‘ಮನೋರಂಜನ’ ಪತ್ರಿಕೆಯಿಂದ ಶುರುವಾದ ರೂಢಿ ಅದು. ಫರಾಳದ ಡಬ್ಬಿಯ ಬಗಲಿಗೆ ಅಂಕ ಇಟ್ಟುಕೊಂಡು ಓದುವ ಆ ಮಂದಿಯೊಳಗೆ ಕನ್ನಡ ಬಲ್ಲವರೂ ಇದ್ದಾರೆ. ಅವರ ಕೈಗೆ ಕನ್ನಡ ಕತೆ ಕೊಟ್ಟವರು ಯಾರು? ಅದಕ್ಕೇ ಪುಸ್ತಕ ದೀಪಾವಳಿಯ ಮುಂಚೆ ಬರಲಿ ಅನ್ನುತ್ತೇನೆ, ಈ ವರ್ಷ ಆಗದಿದ್ದರೆ ಮುಂದಿನ ವರ್ಷ.

ನೀನು ಏನು ಕೇಳುತ್ತಿ ನನಗೆ ಗೊತ್ತು. ಬೀಗರು ಬಿಜ್ಜರು ದಾಕ್ಷಿಣ್ಯಕ್ಕೆ ರೊಕ್ಕ ಕೊಟ್ಟು ಪುಸ್ತಕ ಕಪಾಟಿಗೆ ಹಾಕಿದರೆ? ಹಾಕಲಿ. ಇನ್ನೂರರಲ್ಲಿ ನೂರು ಮಂದಿ ಹಾಗೆ ಮಾಡಿದರೂ ಉಳಿದ ನೂರು ಓದುಗರು ಇದ್ದಾರೆ, ನಿನಗೆ ಪತ್ರ ಬರೆದ ಆ ಪ್ರಕಾಶಕರ ಲೆಕ್ಕದಲ್ಲಿ ಒಬ್ಬ ಓದುಗನೂ ಇರಲಿಲ್ಲ. ಎರಡನೆಯ ಅಂಜಿಕೆ ಇದಕ್ಕಿಂತ ಖರೆಯದು. ವಖಾರದ ಮಾಲಕನ ಪಾತ್ರದಲ್ಲಿ ನಮ್ಮ ಬಳಗದ ಒಬ್ಬರು ತಮ್ಮ ಮುಖ ನೋಡಿಕೊಂಡಾರು. ಅವರೇ ಚಂದಾ ಕೊಟ್ಟಿದ್ದರೆ ‘ಇದನ್ನ ತೆಗಿ’ ಅನ್ನಬಹುದು. ಆಗ ಅವರ ನೂರೈವತ್ತು ರೂಪಾಯಿ ಕೈಯಲ್ಲಿ ಇಟ್ಟು ನಮಸ್ಕಾರ ಮಾಡಿ ಬಾ, ಕತೆ ಮುಟ್ಟಬೇಡ. 1965ರಲ್ಲಿ ಮನೋಹರ ಗ್ರಂಥಮಾಲೆ ‘ಸಂಸ್ಕಾರ’ ಕಾದಂಬರಿಯನ್ನು ಪ್ರಕಟಿಸಿತು. ಅಗ್ರಹಾರದ ಆ ಕತೆಗೆ ಎಷ್ಟು ಮಂದಿ ಕಣ್ಣು ಕೆಂಪಗೆ ಮಾಡಿದರು ಅಂತ ನೀನು ಎಂ.ಎ.ಯಲ್ಲಿ ಓದಿದ್ದಿ. ಚಂದಾದಾರರು ಏನಂದಾರು ಅಂತ ಅಂಜಿದ್ದರೆ ಆ ಹಸ್ತಪ್ರತಿ ಅಟ್ಟದಿಂದ ಕೆಳಗೆ ಇಳಿಯುತ್ತಿರಲಿಲ್ಲ. ರೊಕ್ಕ ಓದುಗರದು, ತೀರ್ಮಾನ ಸಂಪಾದಕರದು, ಕತೆ ನಿನ್ನದು. ಈ ಮೂರನ್ನು ಬೆರೆಸಬಾರದು.

ಅದಕ್ಕೇ ಚಂದಾ ಕೂಡಿದ ಮಾತ್ರಕ್ಕೆ ನೀನೇ ಪ್ರಕಾಶಕಿ ಆಗಿಬಿಡಬೇಡ. ಓದಿ, ತಿದ್ದಿ, ಬೇಡಾದದ್ದನ್ನು ಬೇಡ ಅನ್ನುವ ಒಬ್ಬ ಸಂಪಾದಕರಿರುವ ಸಣ್ಣ ಪ್ರಕಾಶನಕ್ಕೆ ಹಸ್ತಪ್ರತಿ ಕೊಡು. ಚಂದಾದಾರರ ಪಟ್ಟಿ ನಿನ್ನ ಕಡೆ ಇದೆ ಅಂತ ಮೊದಲ ಪತ್ರದಲ್ಲೇ ಹೇಳಬೇಡ, ಅವರು ಕತೆ ಒಪ್ಪಿದ ಮೇಲೆ ಹೇಳು. ಕರಾರು ಕಾಗದದ ಮೇಲೆ ಆಗಲಿ. ಹಕ್ಕು ನಿನ್ನದಾಗಿರಲಿ, ಅಚ್ಚಾದ ಪ್ರತಿಗಳ ಸಂಖ್ಯೆ ಪುಸ್ತಕದೊಳಗೆ ಖರೆ ಖರೆ ಬರಲಿ, ಗೌರವಧನ ಶೇಕಡಾ ಇಷ್ಟು ಅಂತ ಬರೆದಿರಲಿ, ಕರಡು ಎರಡು ಸಲ ನಿನ್ನ ಕಣ್ಣಿಗೆ ಬೀಳಲಿ. ಡಿಟಿಪಿಯವರು ‘ಹೋತು’ ಅಂತ ಬರೆದದ್ದನ್ನು ‘ಹೋಯಿತು’ ಮಾಡುವ ಉತ್ಸಾಹದಲ್ಲಿ ಇರುತ್ತಾರೆ, ಅದೊಂದು ಕಾಯಬೇಕು.

ಮುನ್ನುಡಿ, ಬೆನ್ನುಡಿ, ಹಾರೈಕೆ ನುಡಿ ಅಂತ ಮೂವರು ಹಿರಿಯರ ಮನೆ ತಿರುಗಬೇಡ. ಮೊದಲ ಪುಸ್ತಕಕ್ಕೆ ಹನ್ನೆರಡು ಪುಟ ಹೊಗಳಿಕೆ ಕಟ್ಟಿದರೆ ಓದುಗ ನಿನ್ನ ಕತೆಗೆ ಬರುವಷ್ಟರಲ್ಲಿ ದಣಿದಿರುತ್ತಾನೆ. ಬಿಡುಗಡೆಗೆ ಶಾಲು, ಹಾರ, ಶಾಸಕರು ಯಾರೂ ಬೇಡ. ನಿಪ್ಪಾಣಿಯಲ್ಲಿ ಒಂದು ಐತವಾರ ಮಧ್ಯಾಹ್ನ, ವಖಾರಕ್ಕೆ ಸೂಟಿ ಇದ್ದಾಗ, ಆ ಕೆಲಸಗಾರ್ತಿಯರ ಓಣಿಯಲ್ಲೇ ಕೂತು ಕತೆ ಓದು. ಅವರು ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ‘ಇದು ಹಿಂಗಲ್ಲ ಬಾಯಿ, ಜರಡಿ ಹಿಂಗ ಹಿಡಿಯೂದಿಲ್ಲ’ ಅಂದರೆ ಎರಡನೆಯ ಮುದ್ರಣಕ್ಕೆ ತಿದ್ದಿಕೊಳ್ಳಬಹುದು. ಅಂಥ ವಿಮರ್ಶೆ ಯಾವ ಪತ್ರಿಕೆಯಲ್ಲೂ ಬರುವುದಿಲ್ಲ.

ಈಗ ನಿನಗೆ ಮಾಡಲಿಕ್ಕೆ ಇರುವುದು ಇಷ್ಟು. ಆ ಪ್ರಕಾಶಕರಿಗೆ ಇವತ್ತೇ ಎರಡು ಸಾಲಿನಲ್ಲಿ ‘ಕ್ಷಮಿಸಿ, ಆಗುವುದಿಲ್ಲ’ ಅಂತ ಬರೆದುಬಿಡು, ಕಾರಣ ಕೊಡುತ್ತ ಕೂರಬೇಡ. ವಖಾರದ ಕತೆಯನ್ನು ಹಳೆಯ ಮಾತಿನಲ್ಲಿ, ಮಾಸ್ತರರಿಲ್ಲದೆ ಮತ್ತೊಮ್ಮೆ ಬರೆದು ಕಳಿಸು. ಹೆಸರುಗಳ ಪಟ್ಟಿಯನ್ನು ನಾನು ಇಲ್ಲಿ ಶುರುಮಾಡಿದ್ದೇನೆ. ನನ್ನ ನೂರೈವತ್ತು ನಿನ್ನ ಫೋನಿಗೆ ಬಂದಿರಬೇಕು, ನೋಡಿಕೋ. ಅದರ ಹಿಂದೆಯೇ ಇನ್ನೊಂದು ನೂರೈವತ್ತು ಬಂದಿದ್ದರೆ ಗಾಬರಿಯಾಗಬೇಡ, ನಿನ್ನ ಕಾಕು ಕಳಿಸಿದ್ದು. ಒಂದು ಮನೆಗೆ ಒಂದು ಪ್ರತಿ ಸಾಕಲ್ಲ ಅಂದೆ. ‘ನೀವು ಓದಿ ಹೊಗಳ್ತೀರಿ, ತಪ್ಪು ಹುಡುಕಲಿಕ್ಕೆ ನನಗ ಬ್ಯಾರೇನ ಬೇಕು’ ಅಂದಳು. ಪಟ್ಟಿಯಲ್ಲಿ ಅವಳ ಹೆಸರನ್ನು ಬೇರೆಯಾಗಿಯೇ ಬರೆ.

ಇಂತಿ ನಿನ್ನ,
ಕಾಕಾ